ಹನ್ನೊಂದನೇ ಅಡಿ

ಬಡಾವಣೆಯ ಕೊಳಚೆ ನೀರೆಲ್ಲ ಹರಿದು ಬಂದು ಒಂದು ಆಳದ ಬಾವಿಗೆ ಬೀಳುತ್ತಿತ್ತು. ಅದನ್ನು ಎತ್ತಿ ಮುಂದಕ್ಕೆ ನೂಕುವ ಪಂಪ್‌ಹೌಸಿನಲ್ಲಿ ಹತ್ತೊಂಬತ್ತು ವರ್ಷ ದುಡಿದವಳನ್ನು ಜನ ಪಂಪಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಇವಳಿಗೆ ಬಂದಿತ್ತು. ಹೆಂಗಸು ಮಾಡುವ ಕೆಲಸವೇ ಇದು ಎಂದು ನೆಂಟರೆಲ್ಲ ಮೂಗು ಮುರಿದಾಗ, "ನಿನ್ನ ಹೊಟ್ಟೆಗೆ ಅವರು ಹಾಕ್ತಾರಾ? ಹೋಗೇ ನೀನು" ಎಂದು ಬೆನ್ನು ತಟ್ಟಿ ಕಳಿಸಿದವರು ಅತ್ತೆಯೊಬ್ಬರೇ.

ಮುರಿದ ಮೂಗುಗಳಲ್ಲಿ ಮೊದಲನೆಯದು ಓರಗಿತ್ತಿಯದು, ಅಂದರೆ ಮೈದುನನ ಹೆಂಡತಿಯದು. ಆರು ವರ್ಷದ ಹಿಂದೆ, ಅವಳ ಮನೆ ತುಂಬ ಜನ ಇರುವಾಗ, ಪಂಪಕ್ಕ ಕೂತು ಎದ್ದ ಕುರ್ಚಿಯನ್ನು ಆ ಮಹಾತಾಯಿ ಅಲ್ಲೇ ಎಲ್ಲರೆದುರು ಫಿನಾಯಿಲ್ ಹಾಕಿ ಒರೆಸಿದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕಾ, ಈ ವಾಸನೆ ಹೋಗಲ್ಲ ನೋಡಿ" ಎಂದು ನಗು ಬೇರೆ! ಬೈದಿದ್ದರೆ ಮರೆಯುತ್ತಿದ್ದಳೇನೋ. ಆ ನಗುವನ್ನು ಹೇಗೆ ಮರೆಯುವುದು? ಅಂದಿನಿಂದ ಪಂಪಕ್ಕ ಆ ಹೊಸ್ತಿಲು ತುಳಿಯಲಿಲ್ಲ. ಅದೇ ಮನೆಯ ಮಹಡಿಯಲ್ಲಿದ್ದ ಅತ್ತೆ ಕಿಟಕಿಯಿಂದ ಕೈಬೀಸಿದರೆ ಬೀದಿಯಲ್ಲೇ ನಿಂತು ಮಾತಾಡಿಸಿ ಹೋಗುವಳು.

ಈ ವರ್ಷ ಮುದಿ ಪಂಪುಗಳನ್ನು ಕಿತ್ತು ಹೊಸವನ್ನು ಕೂರಿಸುವ ಕೆಲಸ ಶುರುವಾಯಿತು. ಹಳೆಯವು ನಿಂತ ದಿನ, ಬಾವಿಯ ಗೋಡೆಯ ಗುರುತಿನಲ್ಲಿ ನೀರು ಒಂಬತ್ತಡಿಗೆ ಏರಿದ ಕೂಡಲೇ ಪಂಪಕ್ಕ ಕೂಗಬೇಕು, ಮೇಸ್ತ್ರಿ ಬಾಡಿಗೆಯ ಡೀಸೆಲ್ ಪಂಪು ಚಾಲೂ ಮಾಡಬೇಕು. ಮಟ್ಟ ತೋರಿಸುವ ಹೊಸ ಯಂತ್ರ ಮರುದಿನ ಬರುವುದಿತ್ತು. ಅದು ಬಂದರೆ ಇವಳ ಕಣ್ಣನ್ನು ಕೇಳುವವರಿಲ್ಲ. ಇದ್ದದ್ದು ಆ ಒಂದೇ ದಿನ.

ಹನ್ನೊಂದಡಿ ಮುಟ್ಟಿದರೆ ನೀರು ಕೊಳವೆಯಲ್ಲಿ ಹಿಂದಕ್ಕೆ ಹೊರಳುತ್ತದೆ. ಬಡಾವಣೆಗೆಲ್ಲ ತಗ್ಗಿನಲ್ಲಿದ್ದ ಒಂದೇ ಒಂದು ಮನೆಯ ಬಚ್ಚಲಲ್ಲಿ ಉಕ್ಕುತ್ತದೆ. ಯಾರ ಮನೆ? ಓರಗಿತ್ತಿಯ ಮನೆ! ಪಂಪಕ್ಕ ಇದನ್ನು ಬೇಕಾದಷ್ಟು ಸಲ ಮನಸ್ಸಿನಲ್ಲೇ ಚಪ್ಪರಿಸಿದ್ದಳು.

"ಅಕ್ಕಾ, ಎಷ್ಟಾಯ್ತು?" ಮೇಸ್ತ್ರಿ ಕೇಳಿದ.

ಒಂಬತ್ತಾಗಿತ್ತು. "ಎಂಟೂ ಆಗಿಲ್ಲಪ್ಪ. ಟೀ ಕುಡ್ಕೊಂಡ್ ಬಾ ಹೋಗು."

ಅವನು ಹೋದ. ಅವಳು ಕಂಬಿ ಹಿಡಿದು ಬಗ್ಗಿ ನಿಂತಳು. ಹತ್ತು. ಓರಗಿತ್ತಿಯ ಹೊಸ ಟೈಲ್ಸು, ಹೊಸ ಸೋಫಾ ಕಣ್ಣಿಗೆ ಕಟ್ಟಿದವು. ಅತ್ತೆ ಮಹಡಿಯ ಮೇಲಿದ್ದಾರೆ, ಅವರಿಗೇನೂ ಆಗದು. ಒರೆಸಲಿ ಈಗ, ಎಷ್ಟು ಫಿನಾಯಿಲ್ ಇದೆಯೋ ನೋಡೇಬಿಡೋಣ! ಹನ್ನೊಂದು ದಾಟಿತು. ಇನ್ನೂ ಕಾಲು ಗಂಟೆ ಬಿಟ್ಟೇ ಅವಳು ಮೇಸ್ತ್ರಿಯನ್ನು ಕೂಗಿದ್ದು. ಆರು ವರ್ಷದ ಉರಿ ತಣ್ಣಗಾಯಿತು.

ಅಷ್ಟರಲ್ಲಿ ಓರಗಿತ್ತಿಯ ಫೋನು. "ಅಕ್ಕಾ, ನಾವಿಬ್ರೂ ಕೆಲಸದಲ್ಲಿದ್ದೀವಿ. ಮನೇಲೆಲ್ಲ ಗಲೀಜು ನೀರು ನುಗ್ಗಿದೆಯಂತೆ, ಪಕ್ಕದವರು ಹೇಳಿದ್ರು. ಬೇಗ ಹೋಗಿ, ಅತ್ತೆ ಒಬ್ರೇ ಇದ್ದಾರೆ."

"ಅವರು ಮೇಲಿದ್ದಾರಲ್ಲ?"

"ಇಲ್ಲ ಅಕ್ಕಾ, ಮಂಡಿ ನೋವಿಗೆ ಕಾಲು ಎತ್ತಕ್ಕೇ ಆಗ್ತಿಲ್ಲ. ಹೋದ ವಾರ ಕೆಳಗಿನ ರೂಮಿಗೆ ಕರ್ಕೊಂಡ್ ಬಂದ್ವಿ."

ಪಂಪಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು. ಎತ್ತಿ ಮೇಲಿಡಲಾಗದ ಕಾಲುಗಳು ಕಪ್ಪು ನೀರಿನಲ್ಲಿ ಮುಳುಗಿದ್ದವು. ಸೊಸೆಯನ್ನು ಕಂಡು ಅವರ ಮುಖ ಅರಳಿತು.

"ಬಂದ್ಯಾ? ನಂಗೇನೂ ಭಯ ಆಗ್ಲಿಲ್ಲ ಕಣೇ. ಅಲ್ಲಿ ನೀನಿದ್ದೀಯಲ್ಲ, ಜಾಸ್ತಿ ಹೊತ್ತು ಬಿಡಲ್ಲ ಅಂತ ಗೊತ್ತಿತ್ತು."

ಪಂಪಕ್ಕ ಆ ನೀರಿನಲ್ಲೇ ಮಂಡಿಯೂರಿ, ಎರಡೂ ಪಾದಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಸುಳ್ಳು ಹೇಳಬಹುದಿತ್ತು.

"ನಾನೇ ಬಿಟ್ಟೆ ಅತ್ತೆ. ಬೇಕಂತಲೇ."

ಅತ್ತೆ ಅವಳ ಕೈಯಿಂದ ಕಾಲು ಬಿಡಿಸಿಕೊಂಡು, ಒಂದೊಂದಾಗಿ ಮತ್ತೆ ಆ ನೀರಿಗೇ ಇಳಿಬಿಟ್ಟರು.