ಸ್ಪ್ರಿಂಗಿನೊಳಗಿನ ರಬ್ಬರು, ಫಕೀರಪ್ಪನ ಮೇಲಿನ ದೂರು

ಕೊರೊನಾ ಹಾವಳಿ ತಣ್ಣಗಾದ ಮರುವರ್ಷ. ಕಾರು ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದ ನಾನು ನಿವೃತ್ತನಾಗಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೇ ಒಂದು ಸಣ್ಣ ಗ್ಯಾರೇಜು ಹಾಕಿಕೊಂಡಿದ್ದೆ. ಮನೆಯಲ್ಲಿ ಸುಮ್ಮನೆ ಕೂತರೆ ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುವ ಚಟ ನನ್ನದು. ಅದಕ್ಕಿಂತ ಸ್ಪ್ಯಾನರ್ ಹಿಡಿಯುವುದು ಮನೆಮಂದಿಗೆಲ್ಲ ಕ್ಷೇಮ.

ಒಂದು ಮುಂಜಾನೆ ಗುರುಪಾದಪ್ಪ ಸಾಹುಕಾರರು ತಮ್ಮ ಬಿಳಿ ಕಾರನ್ನು ತಾವೇ ಹೊಡೆದುಕೊಂಡು ಬಂದರು. ಕೇಶ್ವಾಪುರದ ಹತ್ತಿ ವ್ಯಾಪಾರಿ. ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ. ಅವರ ಹಳೆಯ ಕಾರು ನಮ್ಮ ಕಂಪನಿಯ ವರ್ಕ್‌ಶಾಪಿಗೇ ಬರುತ್ತಿತ್ತು. ಈ ಬಿಳಿ ಕಾರು ಬೇರೆ ಕಂಪನಿಯದು, ಅದುವರೆಗೆ ಬೇರೆಲ್ಲೋ ರಿಪೇರಿಯಾಗುತ್ತಿತ್ತು.

"ಏನ್ ಹೇಳ್ಲಿ ಸಾಹೇಬ್ರ, ಮುಂದಿನ ಎರಡೂ ಸ್ಟ್ರಟ್ ಹೊಸಾವು ಹಾಕ್ಸೇನಿ, ಇನ್ನಾ ವರ್ಷ ತುಂಬಿಲ್ಲ. ಮತ್ತ ಕಟಕ್ ಕಟಕ್ ಅನ್ನಾಕತ್ತೈತಿ," ಎಂದರು.

ಸ್ಟ್ರಟ್ ಅಂದರೆ ಕಾರಿನ ಮುಂದಿನ ಒಂದೊಂದು ಚಕ್ರದ ಮೇಲೂ ನಿಂತಿರುವ ಕಂಬ. ಒಳಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ಅದರ ಸುತ್ತ ಸ್ಪ್ರಿಂಗ್, ನೆತ್ತಿಯ ಮೇಲೆ ಅದನ್ನು ಕಾರಿನ ಮೈಗೆ ಬಿಗಿಯುವ ರಬ್ಬರಿನ ಮೌಂಟಿಂಗ್. ತಗ್ಗಿನ ಪೆಟ್ಟನ್ನೆಲ್ಲ ಇದೇ ನುಂಗಬೇಕು. ಇದು ಸವೆದರೆ ಸ್ಟೀರಿಂಗ್ ನಡುಗುತ್ತದೆ, ಟೈರು ಒಂದೇ ಕಡೆ ಸವೆಯುತ್ತದೆ, ಹಂಪ್ ದಾಟುವಾಗ ಸದ್ದು ಬರುತ್ತದೆ. ಆದರೆ ಹೊಸ ಜೋಡಿ ವರ್ಷದೊಳಗೆ ಹೋಗುವುದೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

"ನಿಮ್ಮ ಡ್ರೈವರ್ ಫಕೀರಪ್ಪ ಎಲ್ಲಿ ಅದಾನ್ರಿ? ನೀವ ಹೊಡಕೊಂಡು ಬಂದೀರಲ್ಲಾ," ಎಂದು ಕೇಳಿದೆ.

"ಬಿಡಿಸಿ ಕಳಿಸೇನಿ. ಹಂಪ್ ನೋಡಂಗಿಲ್ಲ, ತಗ್ಗು ನೋಡಂಗಿಲ್ಲ, ಗಾಡಿ ಮುಂದಿಂದೆಲ್ಲಾ ಹಾಳ ಮಾಡಿದ. ಕೇಳಿದ್ರ ರಸ್ತಾ ಕೆಟ್ಟೈತಿ ಅಂತಾನ. ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕ ಅಂದ್ಲಂತ!"

ನನಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಫಕೀರಪ್ಪ ಆ ಮನೆಯ ಡ್ರೈವರ್ ಆಗಿ ಹದಿನೈದು ವರ್ಷದ ಮೇಲಾಗಿತ್ತು. ಹಳೆಯ ಕಾರನ್ನು ವರ್ಕ್‌ಶಾಪಿಗೆ ತರುತ್ತಿದ್ದವನು ಅವನೇ. ಡ್ರೈವರನ ಗುಣ ಅವನ ಮಾತಿನಲ್ಲಿ ತಿಳಿಯುವುದಿಲ್ಲ, ಕ್ಲಚ್ ಪ್ಲೇಟಿನಲ್ಲಿ ತಿಳಿಯುತ್ತದೆ. ಬೇರೆಯವರು ಎರಡು ಪ್ಲೇಟು ಸುಡುವಷ್ಟು ಓಡಾಟದಲ್ಲಿ ಅವನು ಒಂದನ್ನೂ ಸುಟ್ಟಿರಲಿಲ್ಲ. ಸಾಹುಕಾರರ ಇಬ್ಬರು ಹೆಣ್ಣುಮಕ್ಕಳಿಗೆ ಕಾರು ಕಲಿಸಿದವನೂ ಅವನೇ.

ಬಿಡಿಸಿದ ರೀತಿಯನ್ನೂ ಸಾಹುಕಾರರೇ ಹೇಳಿದರು. ಅವರ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ. ಮನೆಯವರು, ಅಂಗಡಿಯ ಗುಮಾಸ್ತರು, ಹಮಾಲರು, ನೆರೆಹೊರೆಯವರು ಎಲ್ಲ ಸೇರುತ್ತಾರೆ. ಕಾಯಿ ಒಡೆದು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟ ಮೇಲೆ ಡ್ರೈವರ್ ಗಾಡಿಯನ್ನು ಮುಂದೆ ಸರಿಸಿ ಹಣ್ಣು ತುಳಿಸಬೇಕು. ಅಂಥ ಒಂದು ಅಮಾವಾಸ್ಯೆಯಂದು ಫಕೀರಪ್ಪ ಗಾಡಿ ಸರಿಸಿದಾಗ, ಎಲ್ಲರಿಗೂ ಕೇಳುವಂತೆ ಮುಂದಿನಿಂದ 'ಕಟಕ್' ಅಂದಿತು. ಪೂಜೆಯ ಹೊತ್ತಿಗೇ ಗಾಡಿ ಹೀಗಂದದ್ದು ಸಾಹುಕಾರರಿಗೆ ಅಪಶಕುನದಂತೆ ಕಂಡು ಸಿಟ್ಟು ನೆತ್ತಿಗೇರಿತು. ಅಷ್ಟೂ ಮಂದಿಯ ಎದುರು, "ನೀ ಗಾಡಿ ಹೊಡ್ಯಾವಲ್ಲ, ಗಾಡಿ ಮುರ್ಯಾವ," ಎಂದು ಚಾವಿ ಕಸಿದುಕೊಂಡರು. ಅದಾದ ಮೇಲೆ ಹೊಸ ಸ್ಟ್ರಟ್ ಹಾಕಿಸಿದರು, ಬೇರೆ ಡ್ರೈವರನ್ನು ನಂಬದೆ ತಾವೇ ಹೊಡೆಯತೊಡಗಿದರು.

ಮೊದಲು ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಟ್ಟೆ. ಒಳ್ಳೆಯ ಸ್ಟ್ರಟ್ ಇದ್ದರೆ ಮೂಲೆ ಒಮ್ಮೆ ಮೇಲೆದ್ದು ನಿಂತುಬಿಡುತ್ತದೆ. ಇದು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಆಮೇಲೆ ಗಾಡಿಯನ್ನು ಲಿಫ್ಟಿಗೆ ಏರಿಸಿದೆ. ಎರಡೂ ಸ್ಟ್ರಟ್ಟಿನ ಮೈತುಂಬ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿತ್ತು, ನೆತ್ತಿಯ ಮೌಂಟಿಂಗ್ ಬಿರುಕು ಬಿಟ್ಟು ಸಡಿಲಾಗಿತ್ತು. ಟಾರ್ಚು ಹಿಡಿದು ಸ್ಪ್ರಿಂಗನ್ನು ನೋಡಿದರೆ, ಸುರುಳಿಗಳ ನಡುವೆ ದಪ್ಪನೆಯ ರಬ್ಬರ್ ಬಫರ್ ತುರುಕಿದ್ದರು. ಆ ಕಡೆಯೂ ಒಂದು, ಈ ಕಡೆಯೂ ಒಂದು.

"ಇದನ್ನ ಯಾರ್ ಹಾಕ್ಸಿದ್ರಿ?"

"ನಾನ. ಮಿಲ್ಲಿನ ದಾರ್ಯಾಗ ಗಾಡಿ ಹೊಟ್ಟಿ ನೆಲಕ್ಕ ಬಡೀತಿತ್ತು. ನಮ್ಮ ಬೀಗ್ರು ಹೇಳಿದ್ರು, ರಬ್ಬರ್ ಹಾಕ್ಸ್ರಿ, ಗಾಡಿ ಎತ್ತರ ಆಗತೈತಿ ಅಂತ. ಹೊಸಾ ಸ್ಟ್ರಟ್ ಹಾಕುಮುಂದನೂ, ಅವನ್ನಷ್ಟ ತಗೀಬ್ಯಾಡ್ರಿ ಅಂತ ನಿಂತು ಹೇಳೇನಿ."

ನಮ್ಮ ಕಡೆ ಇದು ಮನೆಮದ್ದಿನಂತೆ ನಡೆದುಬಂದಿದೆ. ಗಾಡಿ ಎತ್ತರವಾಗುತ್ತದೆ, ಸುಳ್ಳಲ್ಲ. ಆದರೆ ಬಫರ್ ಗಾಡಿಯನ್ನು ಮೇಲೆತ್ತಿ ಹಿಡಿದಾಗ ಸ್ಟ್ರಟ್ ಸದಾ ತನ್ನ ತುದಿಯವರೆಗೆ ಚಾಚಿಕೊಂಡೇ ಇರುತ್ತದೆ. ಚಕ್ರ ಸಣ್ಣ ತಗ್ಗಿಗೆ ಇಳಿದರೂ ಅದಕ್ಕೆ ಇನ್ನು ಚಾಚಲು ಜಾಗವಿಲ್ಲ, ಕೊನೆಗೆ ಹೋಗಿ ಬಡಿಯುತ್ತದೆ. ಬಡಿದು ಬಡಿದು ಸೀಲ್ ಒಡೆದು ಎಣ್ಣೆ ಸೋರುತ್ತದೆ, ಮೌಂಟಿಂಗ್ ಹರಿಯುತ್ತದೆ. ಹೂವಿನ ಮೇಲೆ ಹೋದಂತೆ ಹೊಡೆದರೂ ಅದು ಉಳಿಯುವುದಿಲ್ಲ.

ನನಗೂ ಸಿಟ್ಟು ಬಂದಿತ್ತು. "ಸಾವ್ಕಾರ್ರ, ಈ ಜೋಡಿ ಯಾರ ಕೈಯಾಗ ಹೋತ್ರಿ?" ಎಂದೆ.

"ನನ್ನ ಕೈಯಾಗ."

"ನೀವು ಹೆಂಗ್ ಹೊಡೀತೀರಿ?"

"ಎತ್ತಿನ ಗಾಡಿಗಿಂತ ಸಾವಕಾಶ," ಎಂದವರು ತಲೆಯೆತ್ತಿ ಆ ರಬ್ಬರನ್ನು ನೋಡಿದರು. ಆಮೇಲೆ ಲಿಫ್ಟಿನ ಕಂಬ ಹಿಡಿದುಕೊಂಡು, "ಅಂದ್ರ ಫಕೀರಪ್ಪಂದು ಏನೂ ತಪ್ಪಿರಲಿಲ್ಲಾ?" ಎಂದು ಕೇಳಿದರು. ಆ ದನಿ ವ್ಯಾಪಾರಿಯ ದನಿಯಾಗಿರಲಿಲ್ಲ.

ಬಫರ್ ಕಿತ್ತು ಹಾಕಿದೆ. ಸ್ಟ್ರಟ್ಟಿನ ಜೋಡಿ, ಮೌಂಟಿಂಗ್, ಬೇರಿಂಗ್ ಎಲ್ಲ ಹೊಸದು ಕೂಡಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಗಾಡಿ ಒಯ್ಯಲು ಬಂದ ದಿನ ಸಾಹುಕಾರರು, "ಅವನ್ನ ಕರಸ್ರಿ. ನಾ ಕರದ್ರ ಬರಾಂಗಿಲ್ಲ," ಎಂದರು. ಒಂದು ಕಪ್ ಚಹಾದಲ್ಲಿ ಮುಗಿದು ಹೋಗುವ ಮಾತು ಅಂದುಕೊಂಡು ನಾನು ಖುಷಿಯಿಂದಲೇ ಫೋನ್ ಮಾಡಿದೆ.

ಫಕೀರಪ್ಪ ಬಂದಾಗ ವಾಚ್‌ಮನ್ ಅಂಗಿಯಲ್ಲಿದ್ದ. ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದಾನೆಂದು ಆಗಲೇ ನನಗೆ ತಿಳಿದದ್ದು. ಸಾಹುಕಾರರನ್ನು ಕಂಡು ಬಾಗಿಲಲ್ಲೇ ನಿಂತ. ಬಫರನ್ನು ಅವನ ಕೈಗೆ ಕೊಟ್ಟು ನಾನು ಎಲ್ಲವನ್ನೂ ಹೇಳಿದೆ. ಸಾಹುಕಾರರು ಕೈ ಮುಗಿದು, "ತಪ್ಪ ನಂದು ಫಕೀರಪ್ಪಾ. ನಾಳಿಂದ ಬಾ," ಎಂದರು.

ಅವನು ರಬ್ಬರನ್ನು ತಿರುಗಿಸಿ ತಿರುಗಿಸಿ ನೋಡಿದ. "ಇಷ್ಟ ಏನ್ರಿ? ನಾ ಖರೇನ ನನ್ನ ಕೈ ಕೆಟ್ಟಾವು ಅಂತ ತಿಳಕೊಂಡಿದ್ನಿರಿ," ಎಂದ. "ಮತ್ತೊಬ್ರು ಕರದಿದ್ರು ಡ್ರೈವಿಂಗಿಗೆ. ಅವರ ಗಾಡೀನೂ ಮುರದ್ರ ಅಂತ ಹೋಗಲಿಲ್ಲ."

ವಾತಾವರಣ ತಿಳಿಯಾಗಲಿ ಎಂದು ನಾನು ಚಾವಿ ಕೊಟ್ಟೆ. "ಬಾ ಮಾರಾಯಾ, ಟ್ರಯಲ್ ನೀನ ಹೊಡಿ." ಅವನು ಬೇಡವೆಂದ. ನಾನು ಬಿಡಲಿಲ್ಲ. ನಾನು ಪಕ್ಕದಲ್ಲಿ, ಸಾಹುಕಾರರು ಹಿಂದೆ.

ರಸ್ತೆಗಿಳಿದು ಮೊದಲ ಹಂಪ್ ಕಾಣುತ್ತಲೇ ಅವನು ಬ್ರೇಕ್ ಒತ್ತಿದ. ಹಂಪ್ ಇನ್ನೂ ದೂರವಿತ್ತು. ಇಂಚಿಂಚು ಸರಿದ, ಮತ್ತೆ ನಿಂತ. ಹಿಂದಿನ ಗಾಡಿಗಳು ಹಾರ್ನ್ ಬಾರಿಸತೊಡಗಿದವು. ಅವನ ಕಿವಿಯೆಲ್ಲ ಗಾಡಿಯ ಮುಂಭಾಗದಲ್ಲಿತ್ತು. ಗಾಡಿ ಸದ್ದಿಲ್ಲದೆ ಹಂಪ್ ದಾಟಿತು. ಅವನು ಮಾತ್ರ ಬದಿಗೆ ಹಚ್ಚಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದುಬಿಟ್ಟ.

"ಆಗೂದಿಲ್ರಿ ಸಾಹೇಬ್ರ. ಅಂಜಿಕಿ ಹೊಕ್ಕೈತಿ."

"ಫಕೀರಪ್ಪಾ, ನಾ ತಪ್ಪಾತು ಅಂದೆ ಅಲ್ಲೋ," ಎಂದರು ಸಾಹುಕಾರರು. ಕಣ್ಣು ತುಂಬಿದ್ದವು.

"ಅಂದ್ರಿ, ಸಾವ್ಕಾರ್ರ. ನನ್ನ ಮನಸ್ಸಿನ್ಯಾಗ ಏನೂ ಇಲ್ರಿ. ಕೈಗೆ ತಿಳೀವಲ್ದು," ಎಂದು ಇಬ್ಬರಿಗೂ ನಮಸ್ಕಾರ ಮಾಡಿ, ಗೇಟು ಕಾಯುವ ಕೆಲಸಕ್ಕೆ ಮರಳಲು ಒಂದು ಆಟೋಕ್ಕೆ ಕೈ ಮಾಡಿದ.

ಅವತ್ತು ಅವನಿಗೆ ಚಾವಿ ಕೊಡುವ ಆತುರ ನಾನು ಮಾಡಬಾರದಿತ್ತೇನೋ ಎಂದು ಈಗಲೂ ಮರುಗುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಗಾಡಿ ಕೆಟ್ಟಾಗ ಮೊದಲು ಗಾಡಿಯನ್ನು ನೋಡಬೇಕು, ಹೊಡೆಯುವವನ ಮೇಲೆ ಬಾಯಿ ಹಾಕಬಾರದು. ಯಾವ ಮಾಲೀಕರು ಡ್ರೈವರನನ್ನು ಬೈಯುತ್ತ ಬಂದರೂ, ಗಾಡಿ ಲಿಫ್ಟಿಗೇರುವ ತನಕ ಅವರಿಗೆ ಬಾಯಿ ಮುಚ್ಚಿಕೊಂಡು ಕೂರಲು ಹೇಳುತ್ತೇನೆ. ಕೆಲವರು ಸಿಟ್ಟಾಗಿ ಬೇರೆ ಗ್ಯಾರೇಜಿಗೆ ಹೋಗಿದ್ದಾರೆ, ಹೋಗಲಿ.

ಸಾಹುಕಾರರ ಕಾರು ಇವತ್ತಿಗೂ ಸರ್ವಿಸಿಗೆ ಬರುತ್ತದೆ. ಆ ಸ್ಟ್ರಟ್‌ಗಳು ಗಟ್ಟಿಯಾಗಿವೆ, ಒಂದು ಹನಿ ಎಣ್ಣೆ ಸೋರಿಲ್ಲ. ಸಾಹುಕಾರರಿಗೆ ವಯಸ್ಸಾಯಿತು, ಕಣ್ಣೂ ಮಂದ. ಒಬ್ಬ ಡ್ರೈವರನನ್ನು ಇಟ್ಟುಕೊಳ್ಳಿರಿ ಎಂದರೆ, "ಫಕೀರಪ್ಪ ಬರೋತನಕ ನಾನ ಹೊಡೀತೇನ್ರಿ," ಎನ್ನುತ್ತಾರೆ.