ಉದ್ದವ್ವನ ಕೊಪ್ಪರಿಗೆಗೆ ಸೇತು ಪುರಸ್ಕಾರ

ಗೋಕಾಕಕ್ಕೆ ಸಮುದ್ರವಿಲ್ಲ. ಹುಕ್ಕೇರಿಗೂ ಇಲ್ಲ, ಮೂಡಲಗಿಗೂ ಇಲ್ಲ. ಆದರೂ ಹಡಗಿನ ಉದ್ಯಮದಲ್ಲಿ ಪರಿಸರ ಉಳಿಸುವ ಹೊಸ ಶೋಧಕ್ಕೆ ಕೊಡುವ ದೊಡ್ಡ ಪ್ರಶಸ್ತಿಯೊಂದು ಈ ವರ್ಷ ನಮ್ಮ ಉದ್ದವ್ವನಿಗೆ ಬಂತು. ಉದ್ದವ್ವ ಹಡಗು ಕಂಡವಳೇ ಅಲ್ಲ. ಅವಳ ಹತ್ತಿರ ಇದ್ದದ್ದು ಬೆಲ್ಲ ಕುದಿಸುವ ಒಂದು ಕಬ್ಬಿಣದ ಕೊಪ್ಪರಿಗೆ.

ಮಮದಾಪುರದ ರೈತರ ಮನೆಯ ಮಗಳು ಅವಳು. ದಡ್ಡಿ ಎಂಬ ಊರಿನ ಎದುರು, ಘಟಪ್ರಭೆಯ ಆಚೆ ದಂಡೆಯಲ್ಲಿರುವ ನಮ್ಮ ನಲವತ್ತು ಮನೆಗಳ ವಸ್ತಿಗೆ ಸೊಸೆಯಾಗಿ ಬಂದಳು. ಗಂಡ ಪರಪ್ಪನದು ಬೆಲ್ಲದ ಗಾಣ. ಸಕ್ಕರೆ ಕಾರ್ಖಾನೆಗಳು ಬಂದು ಕಬ್ಬೆಲ್ಲ ಅತ್ತ ಹೋದ ಮೇಲೆ ಮೊದಲು ಗಾಣ ನಿಂತಿತು, ಎರಡು ವರ್ಷಕ್ಕೆ ಪರಪ್ಪನೂ ಹೋದ. ಉಳಿದದ್ದು ಕೊಪ್ಪರಿಗೆ. ಸಾಲೆ, ದವಾಖಾನೆ, ಸಂತೆ, ಬಸ್ಸು ಎಲ್ಲ ದಡ್ಡಿಯ ಕಡೆಗೇ ಇರುವುದರಿಂದ ಉದ್ದವ್ವ ಅದನ್ನು ನೀರಿಗೆ ಇಳಿಸಿದಳು. ಒಂದು ಸಲಕ್ಕೆ ಆರು ಜನ. ಯಾರೂ ಏಳಬಾರದು, ಜೋರಾಗಿ ಸೀನಬಾರದು. ದಡ್ಡಿಯ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ನಿವೃತ್ತಿಯಾಗುವವರೆಗೆ ದಿನಾ ಅದರಲ್ಲೇ ಕುಕ್ಕರಗಾಲಲ್ಲಿ ಕೂತು ದಾಟಿದವನು. ಸುತ್ತಿ ಹೋಗುವ ಹದಿನಾಲ್ಕು ಕಿಲೋಮೀಟರಿನ ಹಾದಿಯೊಂದಿದೆ, ಆದರೆ ಆಷಾಢ ಬಂದರೆ ಅದೂ ನೀರಿನಡಿ.

ಮೂರು ವರ್ಷದ ಹಿಂದೆ ಇಂಥದೇ ಆಷಾಢದಲ್ಲಿ ಸೊಸೆ ಸರಿತಾಳಿಗೆ ನೋವು ಕಾಣಿಸಿಕೊಂಡಿತು. ಉದ್ದವ್ವನೇ ಹುಟ್ಟು ಹಾಕಿದಳು. ನಡುಹೊಳೆಯಲ್ಲಿ ಸೆಳವಿಗೆ ಸಿಕ್ಕ ಕೊಪ್ಪರಿಗೆ ಗರಗರ ತಿರುಗಿತು. ದಂಡೆ ಮುಟ್ಟುವುದರೊಳಗೆ ಹೆರಿಗೆ ಅಲ್ಲೇ ಆಯಿತು. ಹೆಣ್ಣು ಕೂಸು. ಅಳಲಿಲ್ಲ.

ಅಂದಿನಿಂದ ಉದ್ದವ್ವನಿಗೆ ಒಂದೇ ಹುಚ್ಚು: ಹೊಳೆಗೆ ಪೂಲ ಬೇಕು. ಸೇತುವೆಯಾದರೆ ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಗೊತ್ತಿದ್ದೂ ಅರ್ಜಿ ಹಾಕಿದ ಅಂಬಿಗಿತ್ತಿ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ತಿಂಗಳಿಗೊಂದು ಅರ್ಜಿ ನಾನೇ ಬರೆದುಕೊಡುತ್ತಿದ್ದೆ. ಹುಕ್ಕೇರಿಯ ಕಚೇರಿಯವರು ಘನತೆಯುಳ್ಳವರು, ಒಂದಕ್ಕೂ ಉತ್ತರ ಕೊಟ್ಟು ನಮ್ಮನ್ನು ಗೊಂದಲಕ್ಕೆ ಕೆಡವಲಿಲ್ಲ.

ಕಳೆದ ಬೇಸಿಗೆಯಲ್ಲಿ ಮುಂಬಯಿಯ ಹೆಣ್ಣುಮಗಳೊಬ್ಬಳು ಹಿನ್ನೀರಿನ ಹಕ್ಕಿ ನೋಡಲು ಬಂದವಳು ಕೊಪ್ಪರಿಗೆಯಲ್ಲಿ ಕೂತು, ಹಕ್ಕಿ ಬಿಟ್ಟು ಉದ್ದವ್ವನ ವಿಡಿಯೋ ಮಾಡಿಕೊಂಡು ಹೋದಳು. ಕೆಲವು ತಿಂಗಳ ಮೇಲೆ ಹಿಂದಿಯಲ್ಲೊಂದು ಪತ್ರ ಬಂತು. ವಸ್ತಿಯಲ್ಲಿ ಹಿಂದಿ ಪರೀಕ್ಷೆ ಪಾಸಾದ ಪಂಡಿತ ನಾನೊಬ್ಬನೇ. ಕನ್ನಡಕ ಏರಿಸಿ ಓದಿದೆ. ಉದ್ದವ್ವನ ಹೆಸರಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಹರಿತ ಸಾಗರ ಸೇತು ಪುರಸ್ಕಾರ’ ಎಂದಿತ್ತು. ನಮ್ಮ ಕಚೇರಿಗಳಲ್ಲಿ ಅರ್ಜಿಯನ್ನು ಒಂದೋ ತಿರಸ್ಕರಿಸುತ್ತಾರೆ, ಇಲ್ಲವೇ ಪುರಸ್ಕರಿಸುತ್ತಾರೆ. ಸೇತು ಎಂದರೆ ಸೇತುವೆ. ಇನ್ನೇನು ಬೇಕು?

“ಉದ್ದವ್ವಾ, ನಿನ್ನ ಪೂಲ ಮಂಜೂರಾತು!” ಎಂದು ಕೂಗಿಬಿಟ್ಟೆ.

ಹಲಗೆ ಬಡಿದರು. ಮನೆಮನೆಯಲ್ಲಿ ಹೋಳಿಗೆಯಾಯಿತು. ಕಂಬ ಎಲ್ಲಿ ಬರಬೇಕೆಂದು ಗಂಡಸರು ದಂಡೆಯ ಮೇಲೆ ನಿಂತು ಜಗಳಾಡಿದರು. ಉದ್ದವ್ವ ಮಾತ್ರ ಸರಿತಾಳ ಕೈ ಹಿಡಿದುಕೊಂಡು ಸುಮ್ಮನೆ ಅತ್ತಳು. ಆ ಅಳುವನ್ನು ನೆನೆದರೆ ನನ್ನ ಹಿಂದಿ ಪ್ರಮಾಣಪತ್ರವನ್ನು ಒಲೆಗೆ ಹಾಕಬೇಕೆನಿಸುತ್ತದೆ.

ಪತ್ರದಲ್ಲಿ ಕರೆದಿದ್ದಂತೆ ಗೋಕಾಕದ ಮಂಗಲ ಕಾರ್ಯಾಲಯಕ್ಕೆ ಹೋದ ಮೇಲೆ ತಿಳಿಯಿತು, ‘ಸಾಗರ ಸೇತು’ ಮುಂಬಯಿಯ ಹಡಗು ಮಾಲೀಕರ ಸಂಘದ ಹೆಸರು, ಹಿಂದಿಯ ಹರಿತವೆಂದರೆ ಹಸಿರು, ಪುರಸ್ಕಾರವೆಂದರೆ ಪ್ರಶಸ್ತಿ. ಹೊಗೆ ಬಿಡದ ಸಾರಿಗೆಯನ್ನು ಗೌರವಿಸಲು ಸಂಘದವರು ಏಳು ಡೀಸೆಲ್ ಗಾಡಿಗಳಲ್ಲಿ ಕಣಗಲಾ ಹೆದ್ದಾರಿ ಹಿಡಿದು ಬಂದಿದ್ದರು. ಕರೆಂಟು ಹೋದೀತೆಂದು ಹೊರಗೆ ಜನರೇಟರ್ ಭುಸುಗುಡುತ್ತಿತ್ತು. ಮೊದಲ ಬಹುಮಾನ ಸರಕು ಹಡಗಿಗೆ ಹಾಯಿ ಕಟ್ಟುವುದನ್ನು ಕಂಡುಹಿಡಿದ ಮಹಾನುಭಾವನಿಗೆ. ಅವನ ಮುತ್ತಜ್ಜಂದಿರೂ ಕಂಡುಹಿಡಿದಿದ್ದರು, ಪಾಪ, ಅವರಿಗೆ ಅರ್ಜಿ ಹಾಕಲು ಗೊತ್ತಿರಲಿಲ್ಲ.

ಎರಡನೆಯದು ಉದ್ದವ್ವನಿಗೆ. ಶಾಲು, ಕರದಂಟಿನ ಡಬ್ಬಿ, ಗಾಜಿನ ಹಡಗು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ನಿರೂಪಕ ಪ್ರಶಸ್ತಿಪತ್ರವನ್ನು ಕನ್ನಡದಲ್ಲೂ ಓದಿದ: “ಎಣ್ಣೆ ಬೇಡ, ಹೊಗೆಯಿಲ್ಲ, ಹಳೆಯ ಕಬ್ಬಿಣದ ಮರುಬಳಕೆ. ಇಪ್ಪತ್ತು ವರ್ಷದಲ್ಲಿ ಒಂದು ಜೀವವೂ ಹೋಗಿಲ್ಲ.”

ಉದ್ದವ್ವ ಮೈಕಿನ ಹತ್ತಿರ ಹೋದಳು.

“ಒಂದು ಹೋಗೇತ್ರಿ. ನನ್ನ ಮೊಮ್ಮಗಳು. ಹೆಸರ ಇಟ್ಟಿದ್ದಿಲ್ಲ, ಅದಕ್ಕ ನಿಮ್ಮ ಕಾಗದದಾಗ ಬಂದಿಲ್ಲ. ನನಗ ಈ ಹಡಗ ಬ್ಯಾಡ್ರಿ, ಪೂಲ ಕೊಡ್ರಿ.”

ಪಕ್ಕದಲ್ಲಿದ್ದವನು ಅತಿಥಿಗಳಿಗೆ ಇಂಗ್ಲಿಷಿನಲ್ಲಿ ತಿಳಿಸಿದ: ಈ ಗೌರವವನ್ನು ಅವರು ತಮ್ಮ ಮೊಮ್ಮಗಳಿಗೆ ಅರ್ಪಿಸುತ್ತಿದ್ದಾರೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಆ ಗಾಜಿನ ಹಡಗನ್ನು ಯಾರ ತಲೆಯ ಮೇಲಾದರೂ ಒಡೆಯಬೇಕೆನಿಸಿತು.

ಸಭೆಯಲ್ಲೇ ಇದ್ದ ಕಚೇರಿಯ ಸಾಹೇಬರನ್ನು ಹಿಡಿದೆವು. ಒಳ್ಳೆಯ ಮನುಷ್ಯ, ನಗುತ್ತಲೇ ಹೇಳಿದರು.

“ನೋಡ್ರಿ ಅಮ್ಮಾ, ಪೂಲ ಮಂಜೂರ ಆಗಬೇಕಂದ್ರ ಪರ್ಯಾಯ ವ್ಯವಸ್ಥಾ ಇಲ್ಲ ಅಂತ ನಾವು ಬರೀಬೇಕು. ನಿಮ್ಮ ವ್ಯವಸ್ಥಾಕ್ಕ ಪ್ರಶಸ್ತಿನ ಬಂದೈತಿ. ಇಲ್ಲ ಅಂತ ಹೆಂಗ ಬರಿಯೂದ್ರಿ? ಫೈಲ್ ಮುಚ್ಚೇವಿ.”

ಸಂಜೆ ಹೊಳೆ ದಾಟುವಾಗ ಉದ್ದವ್ವ ಹುಟ್ಟಿನಿಂದ ಕೊಪ್ಪರಿಗೆಯ ಅಂಚು ಬಡಿದಳು.

“ಮಾಸ್ತರ, ಪರ್ಯಾಯ ವ್ಯವಸ್ಥಾ ಅಂದ್ರ ಇದ ಏನ್ರಿ?”

“ಇದ, ಉದ್ದವ್ವ.”

ಮರುದಿನ ಬೆಳಿಗ್ಗೆ ಮಗ ಲಗಮಣ್ಣನನ್ನು ಕರೆದು ಕೊಪ್ಪರಿಗೆಯನ್ನು ದಂಡೆಗೆ ಎಳೆಸಿ, ಬೋರಲು ಹಾಕಿಸಿದಳು. ಉಳಿ, ಸುತ್ತಿಗೆ ತಾನೇ ಹಿಡಿದಳು. ಇಪ್ಪತ್ತು ವರ್ಷ ಅನ್ನ ಹಾಕಿದ ಕಬ್ಬಿಣ ಸುಲಭಕ್ಕೆ ಒಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಐದು ತೂತಾದವು. ವಸ್ತಿಯೆಲ್ಲ ಬಂದು ಬೈಯಿತು. ಸಂತೆಗೆ ಹೊರಟಿದ್ದ ಕಾಶೆವ್ವ ಬುಟ್ಟಿ ಕೆಳಗಿಟ್ಟೇ ಬೈದಳು.

“ತಲಿ ಕೆಟ್ಟೈತೇನ ನಿನಗ? ಇನ್ನ ಹದಿನಾಲ್ಕ ಕಿಲೋಮೀಟರ್ ಯಾರ ನಡೀಬೇಕ?”

“ನಡದ ಯಾರೂ ಮುಳಗೂದಿಲ್ಲ ಕಾಶೆವ್ವ” ಎಂದಳು ಉದ್ದವ್ವ.

ಬೈದವರಲ್ಲಿ ನಾನೂ ಒಬ್ಬ, ಸುಳ್ಳೇಕೆ ಹೇಳಲಿ. ಆದರೂ ಅವಳು ಹೇಳಿದಂತೆ ಹೊಸ ಅರ್ಜಿ ಬರೆದೆ: ಕೊಪ್ಪರಿಗೆಯನ್ನು ಅರ್ಜಿದಾರಳೇ ಒಡೆದಿರುವುದರಿಂದ ಸದರಿ ಹೊಳೆಗೆ ಈಗ ಯಾವುದೇ ಪರ್ಯಾಯ ವ್ಯವಸ್ಥೆ ಇರುವುದಿಲ್ಲ.

ಮೂರು ವರ್ಷ ಬಾಯಿ ಬಿಡದಿದ್ದ ಕಚೇರಿ ಎಂಟು ದಿನಕ್ಕೆ ಉತ್ತರಿಸಿತು. ಆಗಲೇ ಮಳೆ ಹಿಡಿದಿತ್ತು, ಪೋಸ್ಟಿನವನು ಸುತ್ತುಹಾದಿಯಲ್ಲಿ ಮೊಣಕಾಲು ಕೆಸರು ತುಳಿದು ತಂದ. ಪ್ರಶಸ್ತಿ ವಿಜೇತ ಜಲಸಾರಿಗೆ ಸಾಧನವನ್ನು ಹಾಳುಮಾಡಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು, ಆಷಾಢದ ಇಂಥ ತಾರೀಖಿಗೆ ಹುಕ್ಕೇರಿಗೆ ಖುದ್ದು ಹಾಜರಾಗಿ ವಿವರಣೆ ಕೊಡತಕ್ಕದ್ದು.

ಈ ಸಲ ಪ್ರತಿ ಶಬ್ದವನ್ನೂ ಎರಡೆರಡು ಸಲ ಓದಿ ಅರ್ಥ ಹೇಳಿದೆ. ಉದ್ದವ್ವ ಪೂರ್ತಿ ಕೇಳಿಸಿಕೊಂಡಳು.

“ಅದರಾಗ ಪೂಲ ಅಂತ ಎಲ್ಲೆರೆ ಐತೇನ್ರಿ?”

“ಇಲ್ಲ.”

ಕೆಂಪು ನೀರು ಆಗಲೇ ದಂಡೆಯ ಜಾಲಿಗಿಡಗಳನ್ನು ಮುಟ್ಟಿತ್ತು. ಅವಳು ಅದನ್ನೇ ನೋಡುತ್ತ ಹೇಳಿದಳು:

“ಹಂಗಾದ್ರ ಬರೀರಿ ಮಾಸ್ತರ. ಆ ತಾರೀಖಿಗಿ ಸಾಹೇಬರ ಈ ದಂಡಿಗಿ ಬರ್ಲಿ, ವಿಚಾರಣಿ ಇಲ್ಲೇ ಮಾಡ್ಲಿ. ಹೊಳಿ ಹೆಂಗ ದಾಟತಾರ, ನಾ ನೋಡ್ತೇನಿ.”