ಚಹಾ ಬರುವ ಮುಂಚೆ ಹೇಳಬೇಕಾದ ಮಾತು

ಎದುರಿಗಿದ್ದವರಿಗೆ ‘ನೀವು ಹೇಳುವುದು ಸರಿಯಲ್ಲ’ ಎಂದು ಕನ್ನಡದಲ್ಲಿ ಹೇಳುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ನೇಸರಗಿಯ ಹತ್ತಿರದ ನಮ್ಮೂರಿನಲ್ಲಿ ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನುವವರು ಕಡಿಮೆ. ‘ನೋಡೂಣಂತ’ ಎನ್ನುತ್ತೇವೆ. ಆ ಒಂದು ಮಾತಿನೊಳಗೆ ಊರಿನ ಎಷ್ಟೋ ಕೆಲಸಗಳು ಆರಾಮಾಗಿ ಮಲಗಿವೆ.

ಹೀಗಿರುವಾಗ ಇಂಗ್ಲಿಷ್ ನನ್ನ ಕೈ ಹಿಡಿಯಿತು. ಬಸ್ ಸ್ಟಾಪಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಗಿರಾಕಿಗಳಿಲ್ಲದಾಗ, ವಾದ ಮಾಡುವುದು ಹೇಗೆಂದು ಕಲಿಸುವ ವಿಡಿಯೋ ನೋಡುತ್ತೇನೆ. ವಿತ್ ಡ್ಯೂ ರೆಸ್ಪೆಕ್ಟ್, ಮೈ ಪಾಯಿಂಟ್ ಈಸ್, ಲೆಟ್ ಮಿ ಪುಟ್ ಇಟ್ ದಿಸ್ ವೇ. ಎಂಥ ನಯ! ಜಗಳಕ್ಕೂ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ ಹಾಗೆ. ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ಬದನೆಕಾಯಿ ಪಲ್ಯ ಸಾಕಾಗಿದೆ ಎನ್ನುವುದನ್ನು ‘ಟು ಬಿ ಫ್ರ್ಯಾಂಕ್’ ಎಂದು ಶುರು ಮಾಡಿದೆ. ಅರ್ಥ ಕೇಳಿ ತಿಳಿದುಕೊಂಡ ಹೆಂಡತಿ, “ಅಂದ್ರ ಇಷ್ಟ ದಿನಾ ಚಲೋ ಆಗೇತಿ ಅಂದಿದ್ದು ಸುಳ್ಳೇನ್ರಿ?” ಎಂದಳು. ಮುಂದಿನ ನಾಲ್ಕು ದಿನ ಬದನೆಕಾಯಿಯನ್ನೇ ತಿಂದೆ.

ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಆದರೆ ಅದೇ ಹೊತ್ತಿಗೆ ಬಸ್ ಸ್ಟಾಪನ್ನು ಊರಾಚೆ ಕಟ್ಟಿದ ಹೊಸ ಶೆಡ್ಡಿಗೆ ಸಾಗಿಸುವ ಮಾತು ಎದ್ದಿತು. ಸ್ಟಾಪಿನ ಬೇವಿನ ಮರದ ಕೆಳಗೆ ನನ್ನ ತಂಗಿ ಗಂಗವ್ವ ಚಹಾ ಮಾಡುತ್ತಾಳೆ, ಮಿರ್ಚಿ ಕರಿಯುತ್ತಾಳೆ. ಬಸ್ಸು ಹೋದರೆ ಗಿರಾಕಿ ಹೋದರು, ಗಿರಾಕಿ ಹೋದರೆ ಅವಳ ಸಂಸಾರವೇ ನಿಂತಂತೆ. ಪಂಚಾಯಿತಿ ಸಭೆಗೆ ಬಸ್ ಡಿಪೋದ ಸಾಹೇಬರು ಬರುತ್ತಾರೆ, ಇಂಗ್ಲಿಷ್ ಬಲ್ಲ ನೀನೇ ಮಾತಾಡು ಎಂದರು ಊರವರು. ನನ್ನ ಎದೆ ಉಬ್ಬಿತು.

ವಿಡಿಯೋದವರ ಸೂತ್ರ ಸರಳ. ಮೊದಲು ಎದುರಾಳಿಯ ಮಾತನ್ನು ಮನಸಾರೆ ಒಪ್ಪಬೇಕು, ಆಮೇಲೆ ‘ಹೌಎವರ್’ ಎಂದು ಒಂದೇಟು ಹಾಕಬೇಕು. ಸಭೆಯಲ್ಲಿ ಸಾಹೇಬರು ಹೊಸ ಶೆಡ್ಡನ್ನು ಹೊಗಳಿ ಮುಗಿಸಿದ್ದೇ ನಾನು ಎದ್ದು ನಿಂತು, “ಸರ್, ಐ ಟೋಟಲಿ ಅಗ್ರೀ ವಿತ್ ಯು” ಎಂದೆ. ಮುಂದಿನ ಏಟಿಗೆ ಬಲ ಬರಲೆಂದು ಒಂದು ದೀರ್ಘ ಉಸಿರು ಎಳೆದುಕೊಂಡೆ.

ಆ ಉಸಿರೇ ಕೆಲಸ ಕೆಡಿಸಿತು. ಊರವರ ಒಪ್ಪಿಗೆಯೂ ಇದೆ ಎಂದು ಸಾಹೇಬರು ನಕ್ಕರು. ಸಾಹೇಬರು ನಕ್ಕರೆಂದು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ, ಹೊರಗೆ ಕಾಯುತ್ತಿದ್ದ ಚಹಾದ ತಟ್ಟೆ ಒಳಗೆ ಬಂತು. ನಮ್ಮಲ್ಲಿ ಚಹಾ ಕೈಗೆ ಬಂತೆಂದರೆ ಮಾತು ಮುಗಿಯಿತು. ಕುಡಿದ ಮೇಲೆ ತಕರಾರು ಎತ್ತುವವನಿಗೆ ಮುಂದೆ ಯಾರೂ ಹೆಣ್ಣೂ ಕೊಡುವುದಿಲ್ಲ. ನಾನು ಹೌಎವರನ್ನು ಬಾಯಲ್ಲೇ ಇಟ್ಟುಕೊಂಡು ಕಪ್ಪು ಹಿಡಿದು ನಿಂತೆ. ಹಿಂದಿನ ಸಾಲಿನಲ್ಲಿ ಕೂತಿದ್ದ ತಂಗಿಯ ಕಡೆ ನಾಚಿಕೆಯಿಂದ ನೋಡಲಾಗಲಿಲ್ಲ.

ತಟ್ಟೆ ಗಂಗವ್ವನ ಮುಂದೆ ಬಂದಾಗ ಅವಳು ಕೈ ಚಾಚಲಿಲ್ಲ. “ನಾ ಚಾ ಒಲ್ಲೆ” ಎಂದಳು.

ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟರು. ಪರ ಊರಿನವರಾದ ಸಾಹೇಬರಿಗೂ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಯಾಕಮ್ಮ ಎಂದು ಕೇಳಿದರು.

“ಆ ಶೆಡ್ಡಿನಿಂದ ಊರಿಗೆ ಒಂದ ಸಲಾ ನಡಕೊಂತ ಬರ್ರಿ, ಸಾಹೇಬ್ರ. ಆಮ್ಯಾಲ ನನ್ನ ಅಂಗಡ್ಯಾಗ ಕೂಡೇ ಕುಡಿಯೂಣು.”

ಮಧ್ಯಾಹ್ನದ ಬಿಸಿಲಿನಲ್ಲಿ ಸಾಹೇಬರು ನಡೆದರು. ಅವರ ಹಿಂದೆ, ಸಂತೆಯ ಎರಡು ಚೀಲ ಹೊತ್ತು ನಾನು. ಚೀಲ ಹೊರಿಸಿದವಳೂ ಗಂಗವ್ವನೇ, ಒಪ್ಪಿದವನು ನಾನಲ್ಲವೇ? ಬೇವಿನ ನೆರಳು ಸಿಕ್ಕಾಗ ಸಾಹೇಬರು ಬೆವರು ಒರೆಸಿಕೊಂಡು, ಸ್ಟಾಪು ಇಲ್ಲೇ ಇರಲಿ ಎಂದು ತಾವೇ ಬರೆಸಿದರು.

ಅವರು ಹೋದ ಮೇಲೆ, ಆ ಇಂಗ್ಲಿಷಿನ ಮುಂದೆ ಏನಿತ್ತು ಎಂದು ಗಂಗವ್ವ ಕೇಳಿದಳು. ‘ಆದರೆ’ ಎಂದೆ.

“ಆದ್ರ ಅನ್ನಾಕ ಅಷ್ಟ ದೂರ ಸುತ್ತಿ ಬರಬೇಕಿತ್ತೇನ, ಅಣ್ಣಾ?” ಎನ್ನುತ್ತ ಚಹಾ ಮುಂದೆ ಹಿಡಿದಳು.

ಅದು ನನಗೆ ಆ ದಿನದ ಆರನೆಯ ಕಪ್ಪು. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ‘ಒಲ್ಲೆ’ ಎನ್ನಬೇಕು, ಈಗಷ್ಟೇ ಕಲಿತ ಪಾಠ, ಒಂದೇ ಒಂದು ಮಾತು. ಬಾಯಿ ತೆರೆದೆ.

“ನೋಡೂಣಂತ” ಎಂದು ಕಪ್ಪು ಇಸಿದುಕೊಂಡೆ.